ಮರಿ ಹಾಕಿದ ಶನಿವಾರ

ಮಾರ್ಸೊ ದ್ವೀಪದಿಂದ ದಡದ ಊರಿಗೆ ಹನ್ನೊಂದು ನಿಮಿಷದ ದಾರಿ. ಹೋಗಲು ಹನ್ನೊಂದು, ಬರಲು ಹನ್ನೊಂದು. ಸ್ವೀಡನ್ನಿನ ಪಡುವಣ ಕರಾವಳಿಯ ಆ ಇಕ್ಕಟ್ಟು ಕಡಲಿನ ಮೇಲೆ ಮೂವತ್ತೊಂದು ವರ್ಷದಿಂದ, ದರ್ಜಿ ಸೂಜಿ ಆಡಿಸಿದ ಹಾಗೆ ಅತ್ತಿಂದಿತ್ತ ಇತ್ತಿಂದತ್ತ ಹಳದಿ ಲಾಂಚು ಓಡಿಸಿಕೊಂಡು ಬಂದವನು ಹೆನ್ನಿಂಗ್. ಹದಿನೆಂಟು ಕಾರು ಹಿಡಿಯುವ ಲಾಂಚು. ಹಾಲಿನ ಲಾರಿ, ಅಂಚೆಯ ವ್ಯಾನು, ಹೆರಿಗೆಗೆ ಹೊರಟ ಹೆಂಗಸು, ಮದುವೆಯ ದಿಬ್ಬಣ, ಹೆಣದ ಪೆಟ್ಟಿಗೆ, ಎಲ್ಲವೂ ದಾಟಬೇಕಾದದ್ದು ಅವನ ಕಣ್ಣ ಮುಂದೆಯೇ. ಮಂಜು ಕವಿದು ಮೂಗಿನ ತುದಿ ಕಾಣದ ದಿನವೂ ಅವನು ಲಾಂಚನ್ನು ಧಕ್ಕೆಯ ಕಟ್ಟೆಗೆ ತಾಗಿಸಿದರೆ, ಕಾರಿನೊಳಗೆ ಇಟ್ಟ ಕಾಫಿ ಲೋಟ ತುಳುಕುತ್ತಿರಲಿಲ್ಲ. 'ಹೆನ್ನಿಂಗ್ ಚುಕ್ಕಾಣಿ ಹಿಡಿದಿದ್ದಾನಾ? ಹಾಗಾದ್ರೆ ಲೋಟದ ತುಂಬಾ ಹಾಕು' ಎಂದು ಜನ ಹೇಳುವುದಿತ್ತು.

ವಯಸ್ಸು ಅರವತ್ತೊಂದು. ಎತ್ತರದ ಆಳು, ಬೆಳ್ಳಗಿನ ಗಡ್ಡ, ಗಡ್ಡದ ಕೆಳಗೊಂದು ಹೊಟ್ಟೆ. ಆ ಹೊಟ್ಟೆಯ ಕಥೆಯೇ ಈ ಕಥೆ.

ಹೊಟ್ಟೆ ಒಂದೇ ದಿನಕ್ಕೆ ಬಂದದ್ದಲ್ಲ. ಅದಕ್ಕೂ ಒಂದು ವಂಶಾವಳಿ ಇದೆ. ಹೆನ್ನಿಂಗ್‌ನ ಅಪ್ಪ ಮೀನು ಹಿಡಿಯುತ್ತಿದ್ದವನು. ಶನಿವಾರ ಬೆಳಿಗ್ಗೆ ದೋಣಿ ಕಟ್ಟಿ ಮನೆಗೆ ಬರುವಾಗ ನಾಲ್ಕು ಮಕ್ಕಳಿಗೆ ನಾಲ್ಕು ಕಾಗದದ ಪೊಟ್ಟಣ ತರುತ್ತಿದ್ದ. ಒಂದೊಂದು ಪೊಟ್ಟಣದಲ್ಲಿ ಒಂದು ಹಿಡಿ ಮಿಠಾಯಿ. ವಾರದ ಉಳಿದ ಆರು ದಿನ ಆ ಮನೆಯಲ್ಲಿ ಸಿಹಿಯ ಸುಳಿವಿಲ್ಲ. ಹಲ್ಲು ಹುಳುಕಾಗುತ್ತದೆ ಎಂದು ಹಲ್ಲಿನ ಡಾಕ್ಟರು ಹೇಳಿದ್ದರು, ಅಮ್ಮ ಅದನ್ನು ವೇದವಾಕ್ಯ ಮಾಡಿದ್ದಳು. ಊರಿನ ಎಲ್ಲ ಮನೆಯಲ್ಲೂ ಹಾಗೆಯೇ. ಬೇರೆ ಮಕ್ಕಳು ಹೊತ್ತು ನೆತ್ತಿಗೆ ಬರುವ ಮೊದಲೇ ಪೊಟ್ಟಣ ಬರಿದು ಮಾಡಿ ಕಾಗದ ನೆಕ್ಕುತ್ತಿದ್ದರೆ, ಹೆನ್ನಿಂಗ್ ತನ್ನ ಪಾಲನ್ನು ಕಿಟಕಿಯ ಹಲಗೆಯ ಮೇಲೆ ಬಣ್ಣ ಬಣ್ಣವಾಗಿ ಜೋಡಿಸುತ್ತಿದ್ದ. ಮೊದಲು ಕೆಂಪು, ಆಮೇಲೆ ಹಸಿರು, ಎಲ್ಲಕ್ಕಿಂತ ಕೊನೆಗೆ ಉಪ್ಪು ಹಾಕಿದ ಅತಿಮಧುರದ ಕಪ್ಪು ಮಿಠಾಯಿ. ಅದನ್ನು ಚೀಪುತ್ತಾ ಚೀಪುತ್ತಾ ನಿದ್ದೆಗೆ ಜಾರುತ್ತಿದ್ದ. ವಾರದ ಆರು ದಿನವೂ ಶನಿವಾರದ ಕಡೆಗೆ ಮುಖ ಮಾಡಿಕೊಂಡು ನಡೆಯುತ್ತವೆ ಎಂದು ಆ ಹುಡುಗ ನಂಬಿದ್ದ. ಗಡ್ಡ ಬಂದರೂ, ಗಡ್ಡ ಬೆಳ್ಳಗಾದರೂ ಆ ನಂಬಿಕೆ ಹೋಗಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಆ ಸೀಮೆಯಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ಮುಟ್ಟುವುದಿಲ್ಲ. ಕೇಕಿನ ಒಂದು ತುಂಡು ಉಳಿದರೆ ಒಬ್ಬ ಅದರಲ್ಲಿ ಅರ್ಧ ಕೊಯ್ದುಕೊಳ್ಳುತ್ತಾನೆ, ಪಕ್ಕದವಳು ಆ ಅರ್ಧದಲ್ಲಿ ಅರ್ಧ, ಅವಳ ಪಕ್ಕದವನು ಅದರಲ್ಲೂ ಅರ್ಧ; ಕೊನೆಗೆ ಉಗುರಿನಷ್ಟು ಉಳಿದು ಅನಾಥನಂತೆ ತಟ್ಟೆಯಲ್ಲಿ ಕೂತಿರುತ್ತದೆ. ಹೆನ್ನಿಂಗ್‌ಗೆ ಆ ಅನಾಥನನ್ನು ನೋಡಲಾಗದು. 'ಪಾಪ, ತಟ್ಟೆ ತೊಳೆಯೋರಿಗೆ ಯಾಕೆ ತೊಂದ್ರೆ' ಎಂದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವನಿದ್ದಾನಲ್ಲ ಎಂಬ ಧೈರ್ಯದಲ್ಲಿ ಜನ ಬರಬರುತ್ತಾ ಉಗುರಿನಷ್ಟಲ್ಲ, ಅಂಗೈಯಷ್ಟೇ ಉಳಿಸತೊಡಗಿದರು.

ಹೀಗಿರುವಾಗ ಒಂದು ಜನವರಿ ಬಂತು. ಲಾಂಚಿನವರಿಗೆ ವರ್ಷಕ್ಕೆರಡು ಸಲ ತಾಲೀಮು: ಗಂಟೆ ಹೊಡೆದ ಕೂಡಲೇ ಕಿತ್ತಳೆ ಬಣ್ಣದ ಜೀವರಕ್ಷಕ ಉಡುಪನ್ನು ಕಾಲಿನಿಂದ ಕತ್ತಿನವರೆಗೆ ತೊಟ್ಟು ಜಿಪ್ಪು ಎಳೆಯಬೇಕು. ಎರಡು ನಿಮಿಷ ಗಡುವು. ತಣ್ಣೀರಿಗೆ ಬಿದ್ದವನನ್ನು ಕಾಯುವುದು ಅದೊಂದೇ. ಹೆನ್ನಿಂಗ್ ಕಾಲು ತೂರಿಸಿದ, ಕೈ ತೂರಿಸಿದ, ಜಿಪ್ಪು ಎಳೆದ. ಜಿಪ್ಪು ಹೊಕ್ಕುಳಿನ ತನಕ ಬಂತು, ನಿಂತಿತು. ಉಸಿರು ಬಿಗಿಹಿಡಿದು ಎಳೆದ. ಅದು ಹಟ ಹಿಡಿದ ಕತ್ತೆಯ ಹಾಗೆ ಅಲ್ಲೇ ನಿಂತಿತು.

ಕಾರುಗಳನ್ನು ಸಾಲಾಗಿ ನಿಲ್ಲಿಸುವ ಟಾಗೆ ಗಡಿಯಾರ ಹಿಡಿದು ಎದುರಿಗೆ ನಿಂತಿದ್ದ. ಟಾಗೆ ಎಂದರೆ ಒಣಗಿದ ಕಡ್ಡಿ. ಗಟ್ಟಿ ರೊಟ್ಟಿ, ಮೊಸರುಗಿಣ್ಣು, ಸೌತೆಕಾಯಿ ಬಿಟ್ಟು ಬೇರೆ ಏನನ್ನೂ ಮುಟ್ಟದ ಮನುಷ್ಯ.

"ಎರಡು ನಿಮಿಷ ಆಯ್ತು," ಅಂದ ಟಾಗೆ. "ನಾಲ್ಕೂ ಆಯ್ತು. ಹಡಗು ಮುಳುಗ್ತು, ನೀನೂ ಮುಳುಗ್ದೆ, ನಿನ್ನ ತಿಥಿ ಕಾಫಿನೂ ಕುಡಿದಾಯ್ತು."

"ದೊಡ್ಡ ಸೈಜು ತರ್ಸೋ."

"ಇದೇ ಎಲ್ಲಕ್ಕಿಂತ ದೊಡ್ಡದು ಕಣೋ. ಇದಕ್ಕಿಂತ ದೊಡ್ಡದು ಬೇಕಂದ್ರೆ ಟೆಂಟ್ ಮಾರೋರ ಹತ್ರ ಹೋಗ್ಬೇಕು."

ನಗೆಚಾಟಿಕೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ವಾರ ಸಮುದ್ರ ಕೆಲಸದವರ ಡಾಕ್ಟರು ಅವನನ್ನು ತೂಗಿದರು. ನೂರಹದಿನೆಂಟು ಕಿಲೊ. ರಕ್ತದೊತ್ತಡ ಏರಿತ್ತು, ಸಕ್ಕರೆ ಹೊಸ್ತಿಲ ಮೇಲೆ ಕಾಲಿಟ್ಟಿತ್ತು. ಎರಡು ವರ್ಷಕ್ಕೆ ಕೊಡುವ ಸರ್ಟಿಫಿಕೇಟನ್ನು ಡಾಕ್ಟರು ಆರು ತಿಂಗಳಿಗೆ ಬರೆದರು.

"ಜೂನ್‌ನಲ್ಲಿ, ನಡುಬೇಸಿಗೆ ಹಬ್ಬದ ವಾರ ಮತ್ತೆ ಬಾ," ಅಂದರು. "ಹತ್ತು ಕಿಲೊ ಇಳಿದಿರ್ಬೇಕು, ಆ ಜಿಪ್ಪು ಹತ್ತಿರ್ಬೇಕು. ಇಲ್ಲಾಂದ್ರೆ ನಾನು ಸಹಿ ಹಾಕೋದಿಲ್ಲ. ಕಚೇರೀಲಿ ನಿನಗೊಂದು ಕುರ್ಚಿ ಕೊಡ್ತಾರೆ, ಚಿಂತೆ ಬೇಡ."

ಕುರ್ಚಿ! ಆ ಒಂದು ಮಾತು ಹೆನ್ನಿಂಗ್‌ನ ಎದೆಗೆ ಮುಳ್ಳು ಚುಚ್ಚಿದ ಹಾಗೆ ಚುಚ್ಚಿತು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಆ ನಾಲ್ಕು ವರ್ಷ ಕಿಟಕಿಯೊಳಗೆ ಕೂತು, ಬೇರೆ ಯಾರೋ ತನ್ನ ಲಾಂಚನ್ನು ಧಡ್ ಎಂದು ಧಕ್ಕೆಗೆ ಗುದ್ದುವುದನ್ನು ನೋಡುವುದಕ್ಕಿಂತ ಆ ಕಿತ್ತಳೆ ಉಡುಪಿಲ್ಲದೆ ನೀರಿಗೆ ಬೀಳುವುದೇ ವಾಸಿ ಅನ್ನಿಸಿತು.

ಮಾರ್ಸೊದ ಆರೋಗ್ಯ ಕೇಂದ್ರದಲ್ಲಿ ನರ್ಸ್ ಪೈವಿ ಇದ್ದಳು. ಫಿನ್‌ಲೆಂಡಿನಿಂದ ಬಂದವಳು, ಮಾತನ್ನು ಔಷಧಿಯ ಹಾಗೆ ಅಳೆದು ಕೊಡುತ್ತಿದ್ದಳು. ಅವಳು ಒಂದು ಹಾಳೆಯ ಮೇಲೆ ಪಥ್ಯ ಬರೆದಳು. ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಮೀನು, ಎಲೆಕೋಸು, ಎರಡೇ ಎರಡು ಆಲೂಗೆಡ್ಡೆ, ಸಂಜೆ ರೈ ರೊಟ್ಟಿ, ಕಾಫಿಗೆ ಸಕ್ಕರೆ ಇಲ್ಲ, ಬನ್ನು ಇಲ್ಲ. ಹೆನ್ನಿಂಗ್ ಎಲ್ಲದಕ್ಕೂ ತಲೆ ಆಡಿಸಿದ. ಕೊನೆಗೆ ಟೊಪ್ಪಿಯನ್ನು ಕೈಯಲ್ಲಿ ತಿರುವುತ್ತಾ ಕೇಳಿದ:

"ಶನಿವಾರ?"

"ಶನಿವಾರಕ್ಕೇನು?"

"ಅಲ್ಲ... ಶನಿವಾರ ಅಂದ್ರೆ ಶನಿವಾರ ಅಲ್ವಾ."

ಪೈವಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಗಡ್ಡದ ಹಿಂದೆ ಕಿಟಕಿಯ ಹಲಗೆಯ ಹುಡುಗ ಕಂಡಿರಬೇಕು. "ಸರಿ. ವಾರಕ್ಕೊಂದು ದಿನ ಪಥ್ಯಕ್ಕೆ ರಜೆ. ಶನಿವಾರ ನಿಂದು. ಉಳಿದ ಆರು ನಂದು. ಹದಿನೈದು ದಿನಕ್ಕೊಂದ್ಸಲ ಸೋಮವಾರ ಬಂದು ತೂಕ ನೋಡ್ಕೊಂಡು ಹೋಗು."

ಲಾಂಚಿನ ಮೇಲೆ ಈ ಸುದ್ದಿ ಟಾಗೆಗೆ ಹಿಡಿಸಲೇ ಇಲ್ಲ. "ಪಥ್ಯಕ್ಕೆ ರಜೆನಾ? ದೋಣೀಲಿ ತೂತು ಶನಿವಾರ ಬಿದ್ರೂ ತೂತೇ, ಸೋಮವಾರ ಬಿದ್ರೂ ತೂತೇ. ನಾನು ಸಿಗರೇಟು ಬಿಟ್ಟಾಗ ಶನಿವಾರಕ್ಕೊಂದು ಸೇದ್ತೀನಿ ಅಂದ್ನಾ? ಒಂದೇ ಏಟಿಗೆ ಬಿಟ್ಟೆ. ಇಪ್ಪತ್ತು ವರ್ಷ ಆಯ್ತು."

ಆ ಹೊತ್ತಿಗೆ ಹೆನ್ನಿಂಗ್‌ನ ಹೆಂಡತಿ ಉಲ್ಲಾ ಅಂಗಡಿಯಿಂದ ಸಾಮಾನು ತರಲು ಅದೇ ಲಾಂಚಿನಲ್ಲಿ ಹೊರಟಿದ್ದಳು. ಶಾಲೆಯ ಅಡುಗೆಮನೆಯಲ್ಲಿ ನಲವತ್ತು ವರ್ಷ ಸೌಟು ಹಿಡಿದವಳು. ಮಾತಿಗೆ ಮಾತು ಇಟ್ಟುಕೊಂಡೇ ಇರುತ್ತಿದ್ದಳು.

"ಸಿಗರೇಟು ಬಿಟ್ಟು ಬದುಕ್ಬೋದು ಟಾಗೆ, ಊಟ ಬಿಟ್ಟು ಬದುಕೋಕೆ ಆಗುತ್ತಾ? ತೆರೆಯದೇ ಇರೋ ಗೇಟನ್ನ ಮೇಕೆ ಹಾರುತ್ತೆ. ದಿನಕ್ಕೊಂದ್ಸಲ ತೆರೆಯೋ ಗೇಟಿನ ಮುಂದೆ ಅದು ಸುಮ್ನೆ ಕಾದ್ಕೊಂಡು ನಿಲ್ಲುತ್ತೆ."

"ನಾನು ಮೇಕೆನಾ?" ಅಂದ ಹೆನ್ನಿಂಗ್.

"ಗಡ್ಡ ಇದೆಯಲ್ಲ," ಅಂದಳು ಉಲ್ಲಾ.

ಮೊದಲ ಆರು ವಾರ ಎಲ್ಲ ಚೆನ್ನಾಗಿ ನಡೆಯಿತು. ಮೂರು ಕಿಲೊ ಇಳಿಯಿತು. ಬೆಲ್ಟು ಒಂದು ತೂತು ಹಿಂದೆ ಸರಿಯಿತು. ಶನಿವಾರ ಬಂದರೆ ಹೆನ್ನಿಂಗ್ ಅಂಗಡಿಯ ಮಿಠಾಯಿ ಗೋಡೆಯ ಮುಂದೆ ನಿಂತು, ಡಬ್ಬ ಡಬ್ಬದಿಂದ ಒಂದೊಂದೇ ಆರಿಸಿ ಚೀಲಕ್ಕೆ ಹಾಕಿಕೊಂಡು, ಮನೆಗೆ ಬಂದು ಬಣ್ಣ ಬಣ್ಣವಾಗಿ ಜೋಡಿಸುತ್ತಿದ್ದ. ಭಾನುವಾರ ಮತ್ತೆ ಗಂಜಿ. ಜಂಬದಿಂದ ಗಂಜಿ ಕುಡಿಯುತ್ತಿದ್ದ.

ಮಾರ್ಚ್ ಬಂತು. ತಕ್ಕಡಿ ನಿಂತಿತು. ನೂರಹದಿನೈದು. ಹದಿನೈದು ದಿನ ಬಿಟ್ಟು ನೋಡಿದರೆ ನೂರಹದಿನೈದು. ಇನ್ನೊಂದು ಹದಿನೈದು ದಿನ ಕಳೆದರೂ ನೂರಹದಿನೈದು, ಮೇಲೆ ಇನ್ನೂರು ಗ್ರಾಂ. ಜಿಪ್ಪು ಹೊಕ್ಕುಳು ದಾಟಿ ಮೂರು ಬೆರಳು ಮೇಲೆ ಬಂದು ಅಲ್ಲಿ ಬಿಡಾರ ಹೂಡಿತು.

"ನಾನು ಹೇಳ್ಲಿಲ್ವಾ?" ಟಾಗೆ ಎರಡೂ ಕೈ ಚಾಚಿದ. "ಆರು ದಿನ ನೀರು ಎತ್ತಿ ಹೊರಗೆ ಚೆಲ್ತೀಯ, ಏಳನೇ ದಿನ ತೂತು ತೆಗೀತೀಯ. ಶನಿವಾರ ಬಿಡೋ. ಬಿಡದಿದ್ರೆ ಕುರ್ಚಿ."

ಕುರ್ಚಿ ಎಂಬ ಮಾತಿಗೆ ಹೆನ್ನಿಂಗ್ ಬೆದರಿದ. ಆ ವಾರದಿಂದ ಶನಿವಾರ ಬಿಟ್ಟ. ಉಲ್ಲಾ ಬೇಡವೆಂದಳು, ಕೇಳಲಿಲ್ಲ. ಪೈವಿಗೆ ಹೇಳಲೂ ಇಲ್ಲ.

ಶನಿವಾರ ಇಲ್ಲದ ವಾರ ಹೇಗಿತ್ತು ಎಂದರೆ, ಆಚೆ ದಡವೇ ಇಲ್ಲದ ಕಡಲಿನ ಹಾಗಿತ್ತು. ಹೊರಡುವುದು ಹೌದು, ತಲುಪುವುದು ಎಲ್ಲಿಗೆ? ಅವನು ಸಿಡುಕನಾದ. ಕಾರಿನವರಿಗೆ ಕೈ ಬೀಸುವುದನ್ನು ಬಿಟ್ಟ. ಒಂದು ದಿನ ಲಾಂಚು ಧಕ್ಕೆಗೆ ಧಡ್ ಎಂದು ತಾಗಿತು. ಅಂಚೆಯ ವ್ಯಾನಿನಲ್ಲಿ ಕಾಫಿ ಚೆಲ್ಲಿತು. ಅಂಚೆಯವಳು ಒದ್ದೆಯಾದ ಪ್ಯಾಂಟು ಹಿಡಿದುಕೊಂಡು ಚುಕ್ಕಾಣಿ ಕೋಣೆಯ ಕಡೆಗೆ ನೋಡಿದಳೇ ಹೊರತು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಇಷ್ಟು ಮಾಡಿದ ಮೇಲಾದರೂ ತಕ್ಕಡಿ ಇಳಿಯಬೇಕಲ್ಲ? ಮೂರು ಶನಿವಾರ ಬಿಟ್ಟರೂ ಇಳಿದದ್ದು ಬರೀ ಮುನ್ನೂರು ಗ್ರಾಂ. ಆ ಮೂರನೇ ಶನಿವಾರ ಕಳೆದ ಮಂಗಳವಾರವೇ ಆ ಗುಲಾಬಿಯ ಪ್ರಸಂಗ ನಡೆದದ್ದು.

ಎಲ್ನಾ ಅತ್ತೆ ಎಂದರೆ ದ್ವೀಪದಲ್ಲಿ ಎಲ್ಲರಿಗೂ ಅತ್ತೆ. ಎಂಬತ್ತನಾಲ್ಕು ವರ್ಷ, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಕೈ ಮಾತ್ರ ಇನ್ನೂ ಕೇಕಿನ ಕೈ. ಅವಳು ದಡದ ಊರಿನ ತಂಗಿಯ ಹುಟ್ಟುಹಬ್ಬಕ್ಕೆ ಕೇಕು ಮಾಡಿಕೊಂಡು ಹೊರಟಿದ್ದಳು. ಹಸಿರು ಬಾದಾಮಿ ಹಿಟ್ಟಿನ ಹೊದಿಕೆ, ಒಳಗೆ ಕೆನೆ, ನೆತ್ತಿಯ ಮೇಲೆ ಅದೇ ಹಿಟ್ಟಿಗೆ ಗುಲಾಬಿ ಬಣ್ಣ ಕಲಸಿ ಎಸಳೆಸಳಾಗಿ ಬಿಡಿಸಿದ ಒಂದೇ ಒಂದು ಗುಲಾಬಿ. ಆವತ್ತು ಗಾಳಿ ಜೋರು. ಕಾರಿನಲ್ಲಿ ಕೇಕು ಅಲುಗಾಡೀತೆಂದು ಅವಳು ಡಬ್ಬ ತಂದು ಚುಕ್ಕಾಣಿ ಕೋಣೆಯ ಮೇಜಿನ ಮೇಲಿಟ್ಟಳು.

"ಹೆನ್ನಿಂಗ್ ಮಗಾ, ಇದು ನಿನ್ನ ಹತ್ರ ಇರ್ಲಿ. ನಿನ್ನ ಕಣ್ಣ ಮುಂದೆ ಇದ್ರೆ ನಂಗೆ ನಿಶ್ಚಿಂತೆ."

"ಆಗ್ಲಿ ಅತ್ತೆ, ನೀವು ಹೋಗಿ ಕೂತ್ಕೊಳಿ."

ಹನ್ನೊಂದು ನಿಮಿಷ. ಮೊದಲ ನಾಲ್ಕು ನಿಮಿಷ ಅವನು ಡಬ್ಬದ ಕಡೆ ನೋಡಲೇ ಇಲ್ಲ. ಐದನೇ ನಿಮಿಷಕ್ಕೆ, ಗಾಳಿಗೆ ಕೇಕು ಜರುಗಿದೆಯೋ ಏನೋ ಎಂದು ಮುಚ್ಚಳ ತೆರೆದ. ಜರುಗಿರಲಿಲ್ಲ. ಗುಲಾಬಿ ಅವನನ್ನು ನೋಡಿತು, ಅವನು ಗುಲಾಬಿಯನ್ನು ನೋಡಿದ. ಮುಚ್ಚಳ ಹಾಕಿದ. ಏಳನೇ ನಿಮಿಷಕ್ಕೆ ಹೊರಗಿನ ಎಸಳು ಸ್ವಲ್ಪ ಸಡಿಲವಾಗಿದ್ದಂತೆ ನೆನಪಾಯಿತು. ಅದು ಬಿದ್ದುಹೋದರೆ ಅತ್ತೆಗೆ ಬೇಜಾರಲ್ಲವೇ? ಎಂಟನೇ ನಿಮಿಷಕ್ಕೆ ಆ ಎಸಳು ಅವನ ಬಾಯಲ್ಲಿತ್ತು. ಒಂದು ಎಸಳು ಹೋದ ಗುಲಾಬಿ ಸೊಟ್ಟಗಾಯಿತು. ನೇರ ಮಾಡಲು ಇನ್ನೊಂದು ತೆಗೆದ. ಹತ್ತನೇ ನಿಮಿಷಕ್ಕೆ ಕೇಕಿನ ನೆತ್ತಿ ಬೋಳಾಗಿತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಧಕ್ಕೆ ಬಂತು. ಹೆನ್ನಿಂಗ್ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಾನೇ ಮೆಟ್ಟಿಲಿಳಿದ. ಮುಚ್ಚಳ ತೆಗೆದು ತೋರಿಸಿದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

"ಅತ್ತೆ, ಗುಲಾಬಿ ನಾನೇ ತಿಂದೆ."

ಎಲ್ನಾ ಅತ್ತೆ ಬೋಳು ಕೇಕನ್ನು ನೋಡಿದಳು, ಅವನ ಗಡ್ಡಕ್ಕೆ ಅಂಟಿದ್ದ ಗುಲಾಬಿ ಬಣ್ಣದ ಚೂರನ್ನು ನೋಡಿದಳು. "ಇವತ್ತು ಯಾವ ವಾರ?"

"ಮಂಗಳವಾರ."

"ಅಯ್ಯೋ, ಹಾಗಾದ್ರೆ ಇದು ಕಳ್ಳತನ. ಶನಿವಾರ ಕೇಳಿದ್ರೆ ನಾನೇ ಕೊಡ್ತಿದ್ನಲ್ಲೋ!" ಎಂದು ಅವಳು ನಕ್ಕಳು. ಹಿಂದೆ ನಿಂತ ಕಾರುಗಳವರೂ ನಕ್ಕರು. ಹೆನ್ನಿಂಗ್ ಒಬ್ಬನೇ ನಗಲಿಲ್ಲ. ಯಾರೋ ನಂಬಿ ಕೈಗೆ ಕೊಟ್ಟದ್ದನ್ನು ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಆಚೆ ದಡಕ್ಕೆ ಸರಿಯಾಗಿ ಮುಟ್ಟಿಸಿರಲಿಲ್ಲ.

ಮುಂದಿನ ಸೋಮವಾರ ಪೈವಿಯ ಬಳಿ ಹೋಗುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಅಲ್ಲಿ ತಲುಪಿ ಕುರ್ಚಿ ಹಾಕಿಕೊಂಡು ಕೂತಿತ್ತು. ಉಲ್ಲಾ ಕೂಡ ಜೊತೆಗೆ ಬಂದಿದ್ದಳು.

"ಶನಿವಾರ ಬಿಡು ಅಂತ ನಾನು ಹೇಳಿದ್ನಾ?" ಪೈವಿ ಕೇಳಿದಳು.

"ಇಲ್ಲ. ತಕ್ಕಡಿ ನಿಂತಿತ್ತು, ಅದಕ್ಕೆ..."

"ಬಿಟ್ಟ ಮೇಲೆ ಹೇಳ್ಕೊಳ್ಳೋ ಹಾಗೆ ತಕ್ಕಡಿ ಇಳೀತಾ?"

"ಇಲ್ಲ."

"ಹಾಗಾದ್ರೆ ಕಳ್ಳ ಶನಿವಾರ ಅಲ್ಲ," ಅಂದಳು ಪೈವಿ. ಬಿಳಿ ಹಾಳೆ ತೆಗೆದಳು. "ವಾರ ಹೇಳು. ಭಾನುವಾರದಿಂದ."

"ಭಾನುವಾರ ಗಂಜಿ, ಮೀನು, ರೊಟ್ಟಿ. ಪಥ್ಯ."

"ಚರ್ಚಿನ ಕಾಫಿ?" ಉಲ್ಲಾ ನಡುವೆ ಬಾಯಿ ಹಾಕಿದಳು.

"ಅದು... ಏಳು ಬಗೆ ಬಿಸ್ಕತ್ತು ಇಟ್ಟಿರ್ತಾರೆ. ಒಂದೊಂದಾದ್ರೂ ತಗೊಳ್ದೇ ಇದ್ರೆ ಮಾಡಿದೋರಿಗೆ ಅವಮಾನ ಅಲ್ವಾ? ಅದು ತಿಂಡಿ ಅಲ್ಲ, ಮರ್ಯಾದೆ."

ಪೈವಿ ಬರೆದುಕೊಂಡಳು. "ಸೋಮವಾರ?"

"ಸೋಮವಾರ ಏನೂ ಇಲ್ಲ," ಹೆನ್ನಿಂಗ್ ಎದೆಯುಬ್ಬಿಸಿದ.

"ಮಂಗಳವಾರ?"

"ಏನೂ ಇಲ್ಲ... ಈಸ್ಟರ್ ಮುಗಿಯೋ ತನಕ ಬೇಕರಿಯವರು ಕೆನೆಬನ್ನು ಮಾಡ್ತಾರಲ್ಲ, ಅದೊಂದು. ಕೆನೆಬನ್ನು ಮಂಗಳವಾರದ್ದೇ ಅಲ್ವಾ. ವರ್ಷದಲ್ಲಿ ಮೂರೇ ತಿಂಗಳು ಸಿಗೋದು."

"ಬುಧವಾರ?"

"ಬುಧವಾರಾನ ಈ ಕಡೆ ಚಿಕ್ಕ ಶನಿವಾರ ಅಂತಾರಲ್ಲ, ವಾರದ ನಡುವೆ ಬಾಯಿ ಸಿಹಿ ಮಾಡ್ಕೊಳೋಕೆ. ಅದು ಎಲ್ಲರಿಗೂ ಇರೋದೇ. ದಾಲ್ಚಿನ್ನಿ ಹಾಕಿದ ಬನ್ನು ಒಂದು."

"ಒಂದಾ?" ಉಲ್ಲಾ ಕೇಳಿದಳು.

"ಎರಡು. ಟಾಗೆ ಅವನ ಪಾಲಿಂದು ತಿನ್ನಲ್ಲ. ಬಿಸಾಕೋಕೆ ಆಗುತ್ತಾ?"

ಗುರುವಾರ ಬಟಾಣಿ ಸಾರು. ಅದರ ಬೆನ್ನಿಗೇ ಹಾಲು ಮೊಟ್ಟೆಯ ತೆಳು ದೋಸೆ, ಮೇಲೆ ಜಾಮು, ಜಾಮಿನ ಮೇಲೆ ಕೆನೆ. ಬಟಾಣಿ ಸಾರು ಪಥ್ಯವೇ, ದೋಸೆ ಬಟಾಣಿ ಸಾರಿನ ಜೊತೆಗಾರ, ಗಂಡನನ್ನು ಕರೆದು ಹೆಂಡತಿಯನ್ನು ಬಿಡಲಾಗುತ್ತದೆಯೇ ಎಂಬುದು ಅವನ ವಾದ. ಶುಕ್ರವಾರ ಸಂಜೆ ಟಿವಿ ಮುಂದೆ ಕಾಲು ಚಾಚಿ ಕೂತಾಗ ಆಲೂಗೆಡ್ಡೆ ಚಿಪ್ಸು. ಅದಿಲ್ಲದೆ ಶುಕ್ರವಾರ ಆದದ್ದು ಯಾರಿಗೆ ತಿಳಿಯಬೇಕು? ಮಾರ್ಚ್ ಕೊನೆಯಲ್ಲಿ, ಮನೆಮನೆಯಲ್ಲೂ ಅಚ್ಚಿನ ದೋಸೆ ಸುಡುವ ವಾಫಲ್ ಹಬ್ಬ ಬೇರೆ ಬಂದಿತ್ತು; ಅದನ್ನು ಬರೆಸಲು ಅವನೇ ನೆನಪಿಸಿದ.

"ಮೊದಲ ಆರು ವಾರ ಇದೆಲ್ಲ ಇತ್ತಾ?" ಪೈವಿ ಕೇಳಿದಳು.

ಹೆನ್ನಿಂಗ್ ನೆನಪು ಮಾಡಿಕೊಂಡ. ಜನವರಿಯಲ್ಲಿ ಡಾಕ್ಟರ ಮಾತು ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಯಾರು ಏನು ಕೊಟ್ಟರೂ ಬೇಡ ಅಂದಿದ್ದ. ಮೂರು ಕಿಲೊ ಇಳಿದ ಖುಷಿಗೆ ಒಂದು ಬುಧವಾರ ಒಂದು ಬನ್ನು. ಆಮೇಲೆ ಯಾವುದು ಯಾವಾಗ ಬಂತೋ ಅವನಿಗೇ ತಿಳಿಯದು.

ಪೈವಿ ಹಾಳೆಯನ್ನು ಅವನ ಕಡೆ ತಿರುಗಿಸಿದಳು. ಒಂದು ಸೋಮವಾರ ಬಿಟ್ಟು ಎಲ್ಲ ಸಾಲೂ ತುಂಬಿತ್ತು.

"ನಿನ್ನ ಶನಿವಾರ ಮರಿ ಹಾಕಿದೆ, ಹೆನ್ನಿಂಗ್," ಅಂದಳು. "ನೀನು ತಾಯೀನ ಅಟ್ಟಿಬಿಟ್ಟೆ. ಮರಿಗಳನ್ನ ಮನೇಲಿ ಕೂರಿಸ್ಕೊಂಡು ಸಾಕ್ತಿದೀಯ."

ಉಲ್ಲಾ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ಹಿಡಿಯಲಾಗದೆ ನಕ್ಕುಬಿಟ್ಟಳು. ಹೆನ್ನಿಂಗ್ ಹಾಳೆಯನ್ನೇ ನೋಡುತ್ತಾ ಕೂತ. ತಮಾಷೆಯ ಸಂಗತಿ ಏನೆಂದರೆ, ಆ ಬುಧವಾರದ ಬನ್ನಿನ ರುಚಿ ಹೇಗಿತ್ತೆಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಚಿಪ್ಸಿನದೂ ಇಲ್ಲ. ಕಿಟಕಿ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ ಮಿಠಾಯಿಯ ಒಂದೊಂದು ಬಣ್ಣದ ರುಚಿ ಮಾತ್ರ ಐವತ್ತು ವರ್ಷದ ಮೇಲೂ ನಾಲಿಗೆಯ ಮೇಲಿತ್ತು. ರುಚಿ ನೆನಪಿಲ್ಲದ್ದನ್ನು ಉಳಿಸಿಕೊಂಡು, ನೆನಪಿದ್ದ ಒಂದನ್ನೇ ಬಿಟ್ಟಿದ್ದ!

"ತಾಯೀನ ವಾಪಸ್ ಕರೀಲಾ?" ಮೆಲ್ಲಗೆ ಕೇಳಿದ.

"ಕರಿ. ಬೆಳಿಗ್ಗೆ ಬಂದು ರಾತ್ರಿ ಹೋಗ್ಲಿ. ಮರಿ ಒಂದೂ ಬೇಡ."

ಅಲ್ಲಿಂದ ಮುಂದೆ ಹೆನ್ನಿಂಗ್‌ನ ಶನಿವಾರಕ್ಕೆ ಎರಡು ದಡ ಬಂತು. ದಡ ಇದ್ದರೆ ಹೊಳೆ, ಇಲ್ಲದಿದ್ದರೆ ನೆರೆ. ಲಾಂಚಿನವನಿಗೆ ಇದನ್ನು ಬಿಡಿಸಿ ಹೇಳಬೇಕೇ? ಶನಿವಾರ ಬೆಳಿಗ್ಗೆ ಉಲ್ಲಾ ಕಾಗದ ಸುತ್ತಿ ಪೊಟ್ಟಣ ಮಾಡಿ, ಅವನ ಅಪ್ಪ ಕೊಡುತ್ತಿದ್ದ ಹಾಗೆ ಒಂದು ಹಿಡಿ ಮಿಠಾಯಿ ಹಾಕಿ ಕೊಡುತ್ತಿದ್ದಳು. ಹಿಡಿ ಮಾತ್ರ ಉಲ್ಲಾಳದು, ಅವನದಲ್ಲ. ಅವನ ಹಿಡಿಯಲ್ಲಿ ಎರಡು ಪೊಟ್ಟಣದ ಮಾಲು ಹಿಡಿಯುತ್ತಿತ್ತು. ಮಧ್ಯಾಹ್ನ ಬೆಣ್ಣೆ ಹಾಕಿದ ಊಟ, ಸಂಜೆ ಕಾಫಿಗೊಂದು ಬನ್ನು. ಕಪ್ಪು ಮಿಠಾಯಿ ಬಾಯಲ್ಲಿ ಕರಗಿತು ಎಂದರೆ ಶನಿವಾರ ಮುಗಿಯಿತು.

ಬೇರೆ ದಿನಗಳ ಜೊತೆ ಜಗಳ ನಡೆದೇ ಇತ್ತು. ಬುಧವಾರ ಕಾರಿನವರು ಕಿಟಕಿಯಿಂದ ಬನ್ನು ಚಾಚಿದರೆ "ನನ್ನ ಮನೇಲಿ ಇವತ್ತು ಬುಧವಾರ" ಎಂದು ಕೈ ಬೀಸುತ್ತಿದ್ದ. ಗುರುವಾರದ ದೋಸೆಯನ್ನು ಕಳಿಸಿಕೊಡುವುದು ಕಷ್ಟವಾಯಿತು. ಬಟಾಣಿ ಸಾರಿನ ಮುಂದೆ ವಿಧುರನ ಹಾಗೆ ಕೂರುತ್ತಿದ್ದ. ಎರಡು ಶುಕ್ರವಾರ ಚಿಪ್ಸಿನ ಪೊಟ್ಟಣ ಗೆದ್ದದ್ದೂ ಉಂಟು. ಅದನ್ನೂ ಪೈವಿಗೆ ಹೇಳಿದ. ಚರ್ಚಿನ ಕಾಫಿಯಲ್ಲಿ ಏಳು ಬಗೆಯಲ್ಲಿ ಒಂದನ್ನು ಅರ್ಧ ಮುರಿದುಕೊಂಡ. ಆಕಾಶ ಕಳಚಿ ಬೀಳಲಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು ಆ ಕೊನೆಯ ತುಂಡು. ತಟ್ಟೆಯಲ್ಲಿ ಅಂಗೈಯಷ್ಟು ಕೇಕು ಉಳಿದಿತ್ತು, ಹತ್ತು ಜನ ಅವನ ಮುಖ ನೋಡುತ್ತಿದ್ದರು. ಅವನು ಕೈಗಳನ್ನು ಮೇಜಿನ ಕೆಳಗೆ ಒಂದರ ಮೇಲೊಂದು ಇಟ್ಟುಕೊಂಡು ಹವಾಮಾನದ ಮಾತು ತೆಗೆದ. ಆ ತುಂಡು ಆವತ್ತು ಮಾರ್ಸೊ ಚರ್ಚಿನ ಚರಿತ್ರೆಯಲ್ಲೇ ಮೊದಲ ಸಲ ತಟ್ಟೆಯಲ್ಲೇ ಒಣಗಿತು.

ತಕ್ಕಡಿಗೆ ಜೀವ ಬಂತು. ನೂರಹದಿನಾಲ್ಕು. ನೂರಹನ್ನೆರಡು. ಮೇ ಕೊನೆಗೆ ನೂರಹತ್ತೂವರೆ. ಅಂಚೆಯವಳು ಮತ್ತೆ ಲೋಟದ ತುಂಬ ಕಾಫಿ ಹಾಕಿಕೊಳ್ಳತೊಡಗಿದಳು.

ನಡುಬೇಸಿಗೆ ಹಬ್ಬದ ವಾರ ಬಂತು. ಬುಧವಾರ ತಾಲೀಮು. ಟಾಗೆ ಗಡಿಯಾರ ಹಿಡಿದು ನಿಂತ, ಗಂಟೆ ಹೊಡೆಯಿತು. ಕಾಲು, ಕೈ, ಟೊಪ್ಪಿ. ಜಿಪ್ಪು ಹೊಕ್ಕುಳು ದಾಟಿತು. ಮೂರು ಬೆರಳಿನ ಬಿಡಾರವನ್ನೂ ದಾಟಿತು. ಎದೆಯ ಹತ್ತಿರ ಒಮ್ಮೆ ಮುನಿಸಿಕೊಂಡು ನಿಂತಿತು. ಹೆನ್ನಿಂಗ್ ಉಸಿರು ಹೊರಗೆ ಬಿಟ್ಟು, ಕಣ್ಣು ಮುಚ್ಚಿ, ಒಂದೇ ಎಳೆತ ಎಳೆದ. ಜಿಪ್ಪು ಗಲ್ಲದ ಕೆಳಗೆ ಬಂದು ಗಡ್ಡದ ನಾಲ್ಕು ಕೂದಲು ಕಚ್ಚಿಕೊಂಡಿತು.

"ಒಂದು ನಿಮಿಷ ಐವತ್ತೆರಡು," ಅಂದ ಟಾಗೆ. ಗಡಿಯಾರ ಜೇಬಿಗಿಳಿಸುತ್ತಾ ಸೇರಿಸಿದ: "ಶನಿವಾರ ಬಿಟ್ಟಿದ್ರೆ ಗಡ್ಡ ಉಳೀತಿತ್ತು."

ಗುರುವಾರ ಡಾಕ್ಟರು ತೂಗಿದರು. ನೂರೆಂಟು ಕಿಲೊ ಆರುನೂರು ಗ್ರಾಂ. ಹತ್ತಕ್ಕೆ ಆರುನೂರು ಗ್ರಾಂ ಬಾಕಿ. ಒತ್ತಡ ಇಳಿದಿತ್ತು, ಸಕ್ಕರೆ ಹೊಸ್ತಿಲಿನಿಂದ ಕಾಲು ಹಿಂದೆಗೆದಿತ್ತು. ಡಾಕ್ಟರು ಪೆನ್ನು ಕೈಗೆತ್ತಿಕೊಂಡು ಆ ಆರುನೂರು ಗ್ರಾಮನ್ನು ಒಂದು ಗಳಿಗೆ ನೋಡಿದರು. ಆ ಒಂದು ಗಳಿಗೆಯಲ್ಲಿ ಹೆನ್ನಿಂಗ್‌ಗೆ ಕಚೇರಿಯ ಕುರ್ಚಿ, ಅದರ ಬಣ್ಣ, ಅದರ ಚಕ್ರ ಎಲ್ಲ ಕಂಡವು.

"ಏನ್ ಮಾಡ್ದೆ?" ಡಾಕ್ಟರು ಕೇಳಿದರು.

"ಶನಿವಾರ ಮಾತ್ರ ಶನಿವಾರ ಮಾಡ್ದೆ," ಅಂದ ಹೆನ್ನಿಂಗ್.

ಡಾಕ್ಟರಿಗೆ ಅರ್ಥವಾಯಿತೋ ಇಲ್ಲವೋ, ಎರಡು ವರ್ಷಕ್ಕೆ ಸಹಿ ಬಿತ್ತು.

ಮರುದಿನ ಶುಕ್ರವಾರ ಹಬ್ಬ. ಇಲ್ಲೊಂದು ತೊಡಕು ಇತ್ತು, ಹೆನ್ನಿಂಗ್ ಅದನ್ನು ಪೈವಿಯ ಬಳಿ ಮೊದಲೇ ಕೇಳಿ ಬಗೆಹರಿಸಿಕೊಂಡಿದ್ದ. ನಡುಬೇಸಿಗೆ ಹಬ್ಬ ಬರುವುದು ಶುಕ್ರವಾರ. ಅವನ ದಿನ ಶನಿವಾರ. "ಈ ವಾರ ಶನಿವಾರಾನ ಶುಕ್ರವಾರಕ್ಕೆ ಎಳ್ಕೊಳ್ಲಾ?" "ಎಳ್ಕೋ. ಒಂದು ವಾರಕ್ಕೆ ಒಂದೇ, ನೆನಪಿರ್ಲಿ." ಹಾಗಾಗಿ ಹೂವಿನ ಕಂಬದ ಸುತ್ತ ಕುಣಿತ ಮುಗಿದ ಮೇಲೆ ಅವನು ನೆಮ್ಮದಿಯಾಗಿ ಕೂತು ಹೆರಿಂಗ್ ಮೀನು, ಸಬ್ಬಸಿಗೆ ಹಾಕಿ ಬೇಯಿಸಿದ ಹೊಸ ಆಲೂಗೆಡ್ಡೆ, ಹುಳಿ ಕೆನೆ ಎಲ್ಲವನ್ನೂ ಉಂಡ. ಕೊನೆಗೆ ಎಲ್ನಾ ಅತ್ತೆ ಸ್ಟ್ರಾಬೆರಿ ಕೇಕು ತಂದಿಟ್ಟಳು. ಸ್ಟ್ರಾಬೆರಿಯ ನಡುವೆ, ಯಾರೂ ಆ ಕೇಕಿನ ಮೇಲೆ ಇಡದ ಬಾದಾಮಿ ಹಿಟ್ಟಿನ ಗುಲಾಬಿಯೊಂದು ಕೂತಿತ್ತು. ಅವಳು ಅದನ್ನು ಚಾಕುವಿನಿಂದ ಎತ್ತಿ ನೇರ ಅವನ ತಟ್ಟೆಗಿಟ್ಟಳು.

"ಇವತ್ತು ಯಾವ ವಾರ, ಮಗಾ?"

"ಶನಿವಾರ, ಅತ್ತೆ," ಅಂದ ಹೆನ್ನಿಂಗ್. ಶುಕ್ರವಾರದ ಆ ಸಂಜೆ ಯಾರೂ ಅವನನ್ನು ತಿದ್ದಲಿಲ್ಲ. ಅವನು ಗುಲಾಬಿಯನ್ನು ಎಸಳು ಎಸಳಾಗಿ ಬಿಡಿಸಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಟ್ಟು, ಒಂದೊಂದಾಗಿ ತಿಂದ.

ಮರುದಿನ ನಿಜವಾದ ಶನಿವಾರ. ಬೆಳಗಿನ ಮೊದಲ ಲಾಂಚು. ಹಬ್ಬದಿಂದ ಮರಳುವವರು ಕಾರಿನೊಳಗೆ ತೂಕಡಿಸುತ್ತಿದ್ದರು. ಟಾಗೆ ಒಂದು ಡಬ್ಬ ಹಿಡಿದುಕೊಂಡು ಚುಕ್ಕಾಣಿ ಕೋಣೆಗೆ ಹತ್ತಿ ಬಂದ. ನಿನ್ನೆಯ ಕೇಕಿನ ಕೊನೆಯ ತುಂಡು. ಎಲ್ಲರೂ ಅರ್ಧ ಅರ್ಧ ಕೊಯ್ದು ಬಿಟ್ಟದ್ದು.

"ಅತ್ತೆ ನಿಂಗೆ ಕಳ್ಸಿದಾಳೆ. ತಗೋ, ಶನಿವಾರ ಕಣೋ."

"ನಂದು ನಿನ್ನೆ ಆಯ್ತು," ಅಂದ ಹೆನ್ನಿಂಗ್. ಎಡಗೈಯಲ್ಲಿ ರೈ ರೊಟ್ಟಿ ಇತ್ತು, ಬಲಗೈ ಚುಕ್ಕಾಣಿಯ ಮೇಲಿತ್ತು.

ಟಾಗೆ ಡಬ್ಬವನ್ನು ಮೇಜಿನ ಮೇಲಿಟ್ಟು ಹೊರಗೆ ನೋಡಿದ. ಡಬ್ಬವನ್ನು ನೋಡಿದ. ಚಾಕು ತೆಗೆದು ಅರ್ಧ ಕೊಯ್ದು ಬಾಯಿಗಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಉಳಿದ ಅರ್ಧದಲ್ಲಿ ಅರ್ಧ. ಹೆನ್ನಿಂಗ್ ತಿರುಗಿ ನೋಡಲಿಲ್ಲ. ಹತ್ತನೇ ನಿಮಿಷಕ್ಕೆ ಚಾಕು ಬರಿ ಡಬ್ಬದ ತಳ ಕೆರೆದ ಸದ್ದು ಕೇಳಿಸಿತು.

"ಡಬ್ಬ ತೊಳೆಯೋರಿಗೆ ಯಾಕೆ ತೊಂದ್ರೆ, ಅಲ್ವಾ?" ಅಂದ ಹೆನ್ನಿಂಗ್.

ಟಾಗೆ ಬಾಯಿ ಒರೆಸಿಕೊಂಡು ಕಾರುಗಳ ಕಡೆಗೆ ಇಳಿದು ಹೋದ. ಲಾಂಚು ಧಕ್ಕೆಗೆ ತಾಗಿತು. ತಾಗಿದ್ದು ಕಾರಿನೊಳಗೆ ತೂಕಡಿಸುತ್ತಿದ್ದ ಒಬ್ಬರಿಗೂ ತಿಳಿಯಲಿಲ್ಲ.